ಸಹಾಯ ಬೇಕು: ಸುಸ್ತಾದಾಗ ನಿಮ್ಮ ಮನೆಯ ಹಿರಿಯರು ಏನಂತಾರೆ?

ಎಲ್ಲರಿಗೂ ನಮಸ್ಕಾರ. ಟೆಕ್ಸಾಸ್‌ನ ಒಂದು ಕ್ರಿಶ್ಚಿಯನ್ ಯೂನಿವರ್ಸಿಟಿಯಲ್ಲಿ ವ್ಯಾಯಾಮ ವಿಜ್ಞಾನ ಪಾಠ ಮಾಡುತ್ತೇನೆ. (ಮೊದಲು ಪ್ರಾರ್ಥನೆ, ಆಮೇಲೆ ಟ್ರೆಡ್‌ಮಿಲ್!) ಈಗ ಇಲ್ಲಿನ ಕನ್ನಡದ ಅಜ್ಜ ಅಜ್ಜಿಯರ ನಡಿಗೆ ಮೇಲೆ ಸಂಶೋಧನೆ ಶುರು ಮಾಡಿದ್ದೇನೆ.

ನಡೆಯುವಾಗ ಎಷ್ಟು ಕಷ್ಟ ಆಗುತ್ತಿದೆ ಅಂತ ಅವರೇ 6ರಿಂದ 20ರೊಳಗೆ ಒಂದು ಅಂಕಿ ಹೇಳಬೇಕು. ಸ್ವೀಡನ್ನಿನ ಗುನ್ನಾರ್ ಬೋರ್ಗ್ ರೂಪಿಸಿದ ಅಳತೆ ಇದು. 6 ಅಂದರೆ ಆರಾಮ, 20 ಅಂದರೆ ಇನ್ನು ಆಗೋದೇ ಇಲ್ಲ. ಅಂಕಿಗಳ ಅರ್ಥವನ್ನು ಕನ್ನಡದಲ್ಲಿ ಒಂದು ಕಾರ್ಡಿನ ಮೇಲೆ ಬರೆದು ಕೊಡುತ್ತಿದ್ದೇನೆ. ತೊಡಕಿರುವುದು 13ರಲ್ಲಿ. ‘ಸ್ವಲ್ಪ ಕಷ್ಟ, ಆದರೂ ನಡೀಬಹುದು’ ಅನ್ನೋ ಅರ್ಥ ಬರಬೇಕು. ನಾನು ‘ತುಸು ಶ್ರಮದಾಯಕ’ ಅಂತ ಬರೆದಿದ್ದೆ. ಒಬ್ಬ ಅಜ್ಜಿ ಕಾರ್ಡನ್ನು ದೂರ ಹಿಡಿದು ಓದಿ, "ಇದೇನು, ಸರ್ಕಾರಿ ನೋಟಿಸಾ?" ಅಂದುಬಿಟ್ಟರು!

ಮೆಟ್ಟಿಲು ಹತ್ತಿ ಬಂದಾಗ ನಿಮ್ಮಮ್ಮ ಏನಂತಾರೆ? ಏದುಸಿರಾ, ತೇಕಾ, ದಮ್ಮಾ? ಜೊತೆಗೆ ಯಾವ ಊರಿನ ಮಾತು ಅಂತಲೂ ಬರೆಯಿರಿ.