ಸೋಡಾ ಬೈಕಾರ್ಬ್ ಮಾತ್ರೆ ಕೊಡುವಾಗ ನೀವು ಏನೇನು ನೋಡ್ತೀರಿ?

ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಈಗಷ್ಟೇ ಕಿಡ್ನಿ ವಾರ್ಡಿಗೆ ಹಾಕಿದ್ದಾರೆ. ತುಂಬಾ ಜನರ ಚಾರ್ಟ್‌ನಲ್ಲಿ ಸೋಡಿಯಂ ಬೈಕಾರ್ಬನೇಟ್ 500 ಎಂಜಿ ಇದೆ. ಗ್ಯಾಸ್ ಮಾತ್ರೆ ತಾನೇ, ಸುಮ್ನೆ ಕೊಟ್ಟರಾಯಿತಾ? ಅನುಭವ ಇರುವ ಸಿಸ್ಟರ್‌ಗಳು ಹೇಳಿ.

ರಾಜಾಜಿನಗರದಿಂದ, ಕಿಡ್ನಿ ವಾರ್ಡ್:
ಅಲ್ಲಿ ಅದನ್ನು ಗ್ಯಾಸ್‌ಗೆ ಅಂತ ಬರೆದಿರುವುದಿಲ್ಲ. ಕಿಡ್ನಿ ಸೋತವರ ರಕ್ತದಲ್ಲಿ ಆಸಿಡ್ ಉಳಿದುಬಿಡುತ್ತದೆ, ಅದನ್ನು ತಗ್ಗಿಸಲು ಕೊಡುತ್ತಾರೆ. ಎದೆಯುರಿಗೂ ಇದೇ ಮಾತ್ರೆ ಕೆಲಸ ಮಾಡುವುದರಿಂದ ಎಲ್ಲರಿಗೂ ಸದರ.

ನಾನು ಮೊದಲು ನೋಡುವುದು ಕಾಲನ್ನು. ಕಣಕಾಲಿನ ಹತ್ತಿರ ಹೆಬ್ಬೆರಳು ಒತ್ತಿ ತೆಗೆದರೆ ಗುಳಿ ಹಾಗೇ ನಿಲ್ಲುತ್ತಾ? ನಿಂತರೆ ಮೈಯಲ್ಲಿ ನೀರು ತುಂಬಿದೆ ಅಂತ, ಸೋಡಿಯಂ ಅದನ್ನು ಇನ್ನೂ ಏರಿಸುತ್ತದೆ. ಒಂದು ಮಾತ್ರೆಯಲ್ಲಿ ಸುಮಾರು 137 ಎಂಜಿ ಸೋಡಿಯಂ ಇರುತ್ತದೆ. ದಿನಕ್ಕೆ 6 ಅಂದರೆ 800 ದಾಟಿತು. ಉಪ್ಪಿನಕಾಯಿ, ಹಪ್ಪಳ ಬಿಡಿಸಿ ಇತ್ತ ಮಾತ್ರೆಯಲ್ಲಿ ಸೋಡಿಯಂ ಕೊಡ್ತಿರ್ತೀವಿ! ಹಾಗಾಗಿ ಬಿಪಿ, ಬೆಳಗಿನ ತೂಕ ತಪ್ಪದೆ ಬರೆಯಿರಿ. ಬಾವು ಏರಿದ್ದರೆ, ಏದುಸಿರು ಇದ್ದರೆ, ಡಾಕ್ಟರಿಗೆ ಹೇಳದೆ ಕೊಡಬೇಡಿ.

ಎಲ್ಲ ಮಾತ್ರೆ ಒಂದೇ ಕಪ್‌ಗೆ ಹಾಕಿ ಕೊಡುವ ಅಭ್ಯಾಸ ಇದೆಯಲ್ಲ, ಅದು ನನಗೆ ಆಗಿಬರಲ್ಲ. ಇದರ ಜೊತೆ ಐರನ್, ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕರುಳಿನಲ್ಲಿ ಕರಗಬೇಕಾದ ಕೋಟಿಂಗ್ ಮಾತ್ರೆ ಹೊಟ್ಟೆಯಲ್ಲೇ ಕರಗಬಹುದು. ಸಾಮಾನ್ಯವಾಗಿ 2 ಗಂಟೆ ಅಂತರ ಇಡ್ತೀವಿ. ಹಾಲಿನ ಜೊತೆಯಂತೂ ಬೇಡ, ಕ್ಯಾಲ್ಸಿಯಂ ಏರುವ ಭಯ. ನೀರು ಸಾಕು, ಅದೂ ಅವರಿಗೆ ಬರೆದಿರುವ ನೀರಿನ ಲೆಕ್ಕದೊಳಗೆ.

ಐಸಿಯುನಲ್ಲಿರುವವರು:
ಇಂಜೆಕ್ಷನ್ ಆದರೆ ಇನ್ನೂ ಹುಷಾರು. ಕ್ಯಾಲ್ಸಿಯಂ ಗ್ಲುಕೊನೇಟ್ ಹೋದ ಲೈನ್‌ನಲ್ಲೇ ಬೈಕಾರ್ಬ್ ಬಿಟ್ಟರೆ ಟ್ಯೂಬ್ ಒಳಗೆ ಸುಣ್ಣದ ಹಾಗೆ ಬೆಳ್ಳಗೆ ಕಟ್ಟುತ್ತದೆ. ನಡುವೆ ನಾರ್ಮಲ್ ಸಲೈನ್ ಬಿಟ್ಟು ಲೈನ್ ಫ್ಲಶ್ ಮಾಡಿ (ತೊಳೆಯಿರಿ), ಬೇರೆ ಲೈನ್ ಇದ್ದರೆ ಇನ್ನೂ ಒಳ್ಳೆಯದು. ಕ್ಯಾನುಲಾ (ರಕ್ತನಾಳಕ್ಕೆ ಹಾಕಿದ ಸಣ್ಣ ಕೊಳವೆ) ಸುತ್ತ ಊದಿದೆಯಾ ನೋಡಿ, ಹೊರಗೆ ಸೋರಿದರೆ ಅಲ್ಲಿನ ಚರ್ಮವೇ ಕೊಳೆಯಬಹುದು. ಪೊಟ್ಯಾಷಿಯಂ ಇಳಿಯುತ್ತದೆ, ಎಬಿಜಿ (ರಕ್ತದ ಆಸಿಡ್, ಗ್ಯಾಸ್ ಮಟ್ಟ ನೋಡುವ ಪರೀಕ್ಷೆ) ರಿಪೋರ್ಟ್ ಕೈಯಲ್ಲಿರಲಿ. ಬೆರಳು ಜುಮ್ಮೆನ್ನುವುದು, ಸ್ನಾಯು ಸೆಳೆತ, ಮಂಕು, ಉಸಿರು ನಿಧಾನ ಆದರೆ ಡೋಸ್ ಜಾಸ್ತಿ ಆಗಿರಬಹುದು.

ಬಸವನಗುಡಿಯಿಂದ:
ದಿಂಬಿನ ಕೆಳಗೆ ಈನೋ ಇದೆಯಾ ಕೇಳಿ. ಅಟೆಂಡರ್ ತಂದ ಬೆಣ್ಣೆ ದೋಸೆ ತಿಂದು, ಹೊಟ್ಟೆ ಉಬ್ಬರ ಅಂತ ಅದನ್ನು ಕುಡಿದಿರ್ತಾರೆ. ಅದರಲ್ಲೂ ಇದೇ ಸೋಡಾ, ಚಾರ್ಟ್‌ಗೆ ಬರಲ್ಲ ಅಷ್ಟೇ. ಎದೆ ಭಾರ, ಬೆವರು, ಎಡಗೈ ಸೆಳೆತ ಅಂದರೆ ಮಾತ್ರ ಗ್ಯಾಸ್ ಅನ್ನೋ ಮಾತು ಕೇಳಬೇಡಿ. ಮೊದಲು ಇಸಿಜಿ ತೆಗೆಸಿ.