ನಿಶಿಕಸಾಯ್‌ನಲ್ಲಿ ಅಪ್ಪ-ಅಮ್ಮನಿಗೆ ಜಪಾನೀ ಊಟ ಎಲ್ಲಿ ಮಾಡಿಸಲಿ? (ದೋಸೆ ಹೋಟೆಲ್ ಹೆಸರು ಹೇಳಬೇಡಿ)

ಸಾಗರದವಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾವಿರುವುದು ಟೋಕಿಯೊದ ನಿಶಿಕಸಾಯ್‌ನಲ್ಲಿ, ಸ್ಟೇಷನ್ನಿನಿಂದ ಸೆಯ್‌ಶಿನ್‌ಚೊ ಕಡೆಗೆ. ಮುಂದಿನ ತಿಂಗಳು ಸಾಗರದಿಂದ ಅಪ್ಪ-ಅಮ್ಮ ಬರುತ್ತಿದ್ದಾರೆ. ಟೋಕಿಯೊದಲ್ಲಿ ಅತಿ ಹೆಚ್ಚು ಭಾರತೀಯರಿರುವ ವಾರ್ಡು ನಮ್ಮ ಎದೊಗಾವಾ. ಇಡ್ಲಿ, ದೋಸೆ, ಬಿರಿಯಾನಿ ಯಾವುದಕ್ಕೂ ಬರ ಇಲ್ಲ. ತೊಂದರೆ ಆಗಿರುವುದೇ ಅದರಿಂದ. ಯಾರನ್ನು ಕೇಳಿದರೂ ಇಂಡಿಯನ್ ಹೋಟೆಲ್ ತೋರಿಸುತ್ತಾರೆ. ಅಪ್ಪ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು. ಫೋನಿನಲ್ಲೇ ಹೇಳಿಬಿಟ್ಟಿದ್ದಾರೆ, "ಅಲ್ಲಿಗೆ ಬಂದು ದೋಸೆ ತಿನ್ನಿಸಿದರೆ ಮಾರನೇ ದಿನವೇ ವಾಪಸ್ ಹೊರಡುತ್ತೇನೆ."

ಇಬ್ಬರೂ ಸಸ್ಯಾಹಾರಿಗಳು. ಕೇಕಿನಲ್ಲಿ ಮೊಟ್ಟೆ ಇದ್ದರೆ ಅಪ್ಪ ತಲೆ ಕೆಡಿಸಿಕೊಳ್ಳುವುದಿಲ್ಲ. ಅಮ್ಮನಿಗೆ ಅದೂ ಆಗದು. ಪಕ್ಕದ ಟೇಬಲ್ಲಿಗೆ ಮೀನು ಬಂದರೆ ಸೆರಗು ಮೂಗಿಗೆ ಹೋಗುತ್ತದೆ. ಜೊತೆಗೆ ಮಂಡಿ ನೋವು, ನೆಲದ ಮೇಲೆ ಕೂರಲು ಆಗುವುದಿಲ್ಲ. ನನ್ನವರು ಎಲ್ಲಾ ತಿನ್ನುತ್ತಾರೆ. ಮಗನಿಗೆ ಉದೋನ್, ಅಂದರೆ ದಪ್ಪ ಗೋಧಿ ನೂಡಲ್ಸ್, ಕೊಟ್ಟರೆ ಸಾಕು. ಗಿಂಜಾದ ದುಬಾರಿ ಜಾಗ ಬೇಡ. ಮನೆಯ ಆಸುಪಾಸಿನಲ್ಲಿ, ಇಲ್ಲಿನ ಜನ ದಿನಾ ತಿನ್ನುವಂಥದ್ದು ಬೇಕು. ದಾರಿ ಹೇಳಿ.

ಕಿಬಾ ಕಿಟ್ಟಿ:

ಕೊಕೊ ಇಚಿಬಾನ್ಯಾ, ಜಪಾನೀ ಕರಿ-ಅನ್ನದ ಚೈನ್ ಹೋಟೆಲ್. ಮುಗೀತು. ಬಹಳಷ್ಟು ಬ್ರಾಂಚ್‌ಗಳಲ್ಲಿ ಪ್ರಾಣಿ ಪದಾರ್ಥ ಹಾಕದ ವೆಜ್ ಸಾಸ್ ಸಿಗುತ್ತದೆ. ಖಾರ ಎಷ್ಟು, ಅನ್ನ ಎಷ್ಟು ಅಂತ ನೀವೇ ಹೇಳಬಹುದು. ಮೇಲೆ ಬದನೆಕಾಯಿ, ಪಾಲಕ್ ಹಾಕಿಸಿಕೊಳ್ಳಿ.

ಅಪ್ಪ "ಇದು ನಮ್ಮದೇ ಅಲ್ವಾ" ಅಂದರೆ ಕಥೆ ಹೇಳಿ. ಕರಿ ಜಪಾನಿಗೆ ಬಂದದ್ದು ಮೈಜಿ ಚಕ್ರವರ್ತಿಯ ಕಾಲದಲ್ಲಿ (1868-1912), ಬ್ರಿಟಿಷರ ಕಡೆಯಿಂದ. ಆಮೇಲೆ 1927ರಲ್ಲಿ ಶಿಂಜುಕುವಿನ ನಾಕಾಮುರಾಯಾ ಅಂಗಡಿಯಲ್ಲಿ ಅಸಲಿ ಭಾರತದ ಕರಿ ಶುರು ಮಾಡಿಸಿದವರು ನಮ್ಮ ಕ್ರಾಂತಿಕಾರಿ ರಾಸ್ ಬಿಹಾರಿ ಬೋಸ್. ಅವರು ಆ ಮನೆಯ ಅಳಿಯ. ಮೇಷ್ಟ್ರಿಗೆ ಇದು ಇಷ್ಟವಾಗುತ್ತದೆ. ಆದರೆ ಅಲ್ಲಿಗೆ ಕರೆದುಕೊಂಡು ಹೋಗಬೇಡಿ, ಆ ಕರಿಯಲ್ಲಿ ಕೋಳಿ ಇದೆ.

ಸೋಜಾಯ್ ಅಕ್ಕ:

ಕಿಟ್ಟಿ, ದೋಸೆ ಬೇಡ ಅಂದ ಮನುಷ್ಯನಿಗೆ ಕರಿ ತಿನ್ನಿಸಿದರೆ ಸಂಜೆಯ ವಿಮಾನಕ್ಕೇ ಟಿಕೆಟ್ ಕೇಳುತ್ತಾರೆ.

ಸಾಗರದ ತಂಗಿ, ನಾನು ಹುಬ್ಬಳ್ಳಿಯವಳು. ಇಲ್ಲಿನ ಒಂದು ಸೂಪರ್‌ಮಾರ್ಕೆಟ್ಟಿನ ಸೋಜಾಯ್ ಕೌಂಟರಿನಲ್ಲಿ, ಅಂದರೆ ರೆಡಿ ಪಲ್ಯ, ಕರಿದ ತಿಂಡಿ ಮಾರುವ ಕಡೆ, ಪಾರ್ಟ್ ಟೈಮ್ ಮಾಡುತ್ತೇನೆ. ಬೆಳಿಗ್ಗೆ ಕೊರೊಕ್ಕೆ ಕರಿಯುವ ಕೈ ನನ್ನದೇ. ಹಾಗಾಗಿ ಯಾವುದರ ಹೊಟ್ಟೆಯಲ್ಲಿ ಏನಿದೆ ಅಂತ ಸ್ವಲ್ಪ ಗೊತ್ತು.

ಹೋಟೆಲ್ ಹುಡುಕುವ ಮುಂಚೆ ಅಪ್ಪನನ್ನು ಒಂದು ಮಾತು ಕೇಳಿ. ಮೀನಿನ ತುಂಡು ಇಲ್ಲ, ಆದರೆ ಸಾರಿನ ನೀರಿನಲ್ಲಿ ಮೀನಿದೆ. ನಡೆಯುತ್ತದೆಯೋ ಇಲ್ಲವೋ? ಇಡೀ ಪ್ಲಾನ್ ನಿಂತಿರುವುದು ಇದರ ಮೇಲೆ. ದಾಶಿ ಅಂದರೆ ಬೇಯಿಸಿ, ಹೊಗೆ ಹಾಕಿ ಒಣಗಿಸಿದ ಕತ್ಸುವೊ ಮೀನನ್ನು ಹೆರೆದು ತೆಗೆದ ರಸ. ನಮ್ಮಲ್ಲಿ ಒಗ್ಗರಣೆ ಇಲ್ಲದ ಪಲ್ಯ ಹುಡುಕಿದ ಹಾಗೆ ಇಲ್ಲಿ ದಾಶಿ ಇಲ್ಲದ ಅಡುಗೆ ಹುಡುಕುವುದು. ಮಿಸೊ (ಹುಳಿ ಬರಿಸಿದ ಸೋಯಾ ಪೇಸ್ಟ್) ಸೂಪ್, ನಿಮ್ಮ ಮಗನ ಉದೋನ್ ಸಾರು, ಸೋಬಾ (ಬಕ್‌ವೀಟ್ ಹಿಟ್ಟಿನ ನೂಡಲ್ಸ್) ಅದ್ದುವ ನೀರು, ಬೇಯಿಸಿದ ಸಿಹಿಗುಂಬಳ, ಒಕೊನೊಮಿಯಾಕಿ ಅನ್ನುವ ಖಾರದ ದಪ್ಪ ರೊಟ್ಟಿಯ ಹಿಟ್ಟು, ಎಲ್ಲದರಲ್ಲೂ ಇರುತ್ತದೆ. ಕಣ್ಣಿಗೆ ಕಾಣುವುದಿಲ್ಲ ಅಷ್ಟೇ.

"ವೆಜಿಟೇರಿಯನ್" ಅಂದರೆ ಅರ್ಧ ಜನಕ್ಕೆ "ತರಕಾರಿ ಇಷ್ಟಪಡುವವರು" ಅಂತ ಅನಿಸುತ್ತದೆ. ಪಾಪ, ಪ್ರೀತಿಯಿಂದ ಪೊಟೇಟೊ ಸಲಾಡ್ ತಂದಿಡುತ್ತಾರೆ. ಅದರಲ್ಲಿ ಹ್ಯಾಮ್. ನಮ್ಮ ಜನ ಆಲೂ ಬೋಂಡಾ ಅಂದುಕೊಂಡು ಕೊರೊಕ್ಕೆ ಕೊಳ್ಳುತ್ತಾರೆ, ಹೆಚ್ಚಿನದರಲ್ಲಿ ಕೊಚ್ಚಿದ ಮಾಂಸ ಇರುತ್ತದೆ. ಅದಕ್ಕೇ ಸುಮ್ನೆ ಹೀಗೆ ಹೇಳಿ: "ನಿಕು, ಸಕಾನಾ, ದಾಶಿ ಮೊ ದಾಮೆ ದೆಸು." ಮಾಂಸ, ಮೀನು, ದಾಶಿ ಯಾವುದೂ ಆಗದು ಅಂತ. ಒಳಗೆ ಹೋಗಿ ಅಡುಗೆಯವನನ್ನು ಕೇಳಿಕೊಂಡು ಬರುತ್ತಾರೆ. ಆಗುವುದಿಲ್ಲ ಅಂದರೆ ಬೇಜಾರು ಮಾಡಿಕೊಳ್ಳದೆ ಎದ್ದು ಬನ್ನಿ.

ಮೊದಲ ಊಟಕ್ಕೆ ಸೋಬಾ. ಸ್ಟೇಷನ್ನಿನ ಒಳಗೆ ನಿಂತು ತಿನ್ನುವುದಲ್ಲ. ಹಿಂದಿನ ಗಲ್ಲಿಗಳಲ್ಲಿ ಬಾಗಿಲಿಗೆ ಬಟ್ಟೆ ನೇತುಹಾಕಿದ ಹಳೇ ಸೋಬಾ ಅಂಗಡಿಗಳಿರುತ್ತವೆ, ಗಂಡ-ಹೆಂಡತಿ ನಡೆಸುವಂಥವು. ಹನ್ನೊಂದೂವರೆಗೆ ಹೋಗಿ. ಹನ್ನೆರಡಕ್ಕೆ ಆಫೀಸಿನವರು ನುಗ್ಗುತ್ತಾರೆ, ಎರಡರ ಹೊತ್ತಿಗೆ ಬಾಗಿಲು ಹಾಕುತ್ತಾರೆ. ಮೇಜು-ಕುರ್ಚಿ ಇದೆಯೇ ಅಂತ ಮುಂಚೆಯೇ ಇಣುಕಿ ನೋಡಿ. ಜರು ಸೋಬಾ ಹೇಳಿ. ಬಿದಿರಿನ ತಟ್ಟೆಯ ಮೇಲೆ ತಣ್ಣಗಿನ ಸೋಬಾ ಬರುತ್ತದೆ, ಅದ್ದುವ ಸಾಸು ಬೇರೆ ಬಟ್ಟಲಿನಲ್ಲಿ. ಸಾಸಿನಲ್ಲಿ ದಾಶಿ ಇದೆ. ಅಪ್ಪ ಒಪ್ಪಿದರೆ ಅದ್ದಲಿ. ಅಮ್ಮನಿಗೆ ಉಪ್ಪು ಕೇಳಿ. ಒಳ್ಳೆಯ ಸೋಬಾವನ್ನು ಉಪ್ಪು, ವಸಾಬಿ ಹಚ್ಚಿ ತಿನ್ನುವವರು ಜಪಾನೀಯರಲ್ಲೂ ಇದ್ದಾರೆ, ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ನನ್ನ ಕೇಳಿದರೆ ಹುರುಳಿಯಂಥ ಆ ಮಣ್ಣಿನ ಪರಿಮಳ ಹಾಗೇ ಜಾಸ್ತಿ ಗೊತ್ತಾಗುತ್ತದೆ. ಕೊನೆಗೆ ಸೋಬಾ ಬೇಯಿಸಿದ ಬಿಸಿ ನೀರು ತಂದಿಡುತ್ತಾರೆ. ನಮ್ಮ ಗಂಜಿ ತಿಳಿ ಕುಡಿದವರು ಅದನ್ನು ಬಿಡುವುದಿಲ್ಲ.

ಒಂದು ಎಚ್ಚರಿಕೆ. ಬಕ್‌ವೀಟ್ ಕೆಲವರಿಗೆ ಜೋರಾಗಿ ಅಲರ್ಜಿ ಆಗುತ್ತದೆ. ಮೊದಲ ಸಲ ತಿನ್ನುವವರು ಒಂದು ತುತ್ತು ತಿಂದು ಸ್ವಲ್ಪ ಕಾಯಲಿ.

ತರಕಾರಿ ತೆಂಪುರಾ ಅಪ್ಪನಿಗೆ ಸರಿ. ಅಮ್ಮನಿಗೆ ಬೇಡ. ಹಿಟ್ಟಿನಲ್ಲಿ ಮೊಟ್ಟೆ ಇರಬಹುದು, ಎಣ್ಣೆಯಲ್ಲಿ ಸೀಗಡಿಯಂತೂ ಬೆಂದಿರುತ್ತದೆ.

ಸಂಜೆಯ ಊಟಕ್ಕೆ ಇಜಕಾಯಾ, ಪಾನೀಯದ ಜೊತೆ ಸಣ್ಣ ಸಣ್ಣ ತಿಂಡಿ ಕೊಡುವ ಅಂಗಡಿ. ಹೆದರಬೇಡಿ, ಬರೀ ಕುಡುಕರ ಜಾಗ ಅಲ್ಲ. ಐದಕ್ಕೆ ಬಾಗಿಲು ತೆಗೆದ ತಕ್ಷಣ ಹೋದರೆ ಖಾಲಿ ಇರುತ್ತದೆ, ಮೀನಿನ ಹೊಗೆಯೂ ಇರುವುದಿಲ್ಲ. ಸಿಗರೇಟು ಸೇದಲು ಬಿಡುವ ಅಂಗಡಿಗೆ ಮಕ್ಕಳನ್ನು ಬಿಡುವುದಿಲ್ಲ, ಬಾಗಿಲ ಮೇಲಿನ ಸ್ಟಿಕ್ಕರ್ ನೋಡಿ. ಕೂತ ತಕ್ಷಣ ಕೇಳದೆಯೇ ಒಂದು ಸಣ್ಣ ಬಟ್ಟಲು ಬರುತ್ತದೆ. ಅದಕ್ಕೂ ದುಡ್ಡಿದೆ, ಜಗಳ ಆಡಬೇಡಿ, ಯಜಮಾನರ ಕಡೆ ತಳ್ಳಿಬಿಡಿ. ಉಪ್ಪು ಹಾಕಿದ ಎದಮಾಮೆ, ಅಂದರೆ ಎಳೆ ಸೋಯಾ ಕಾಯಿ, ಉಪ್ಪು ಮಾತ್ರ ಹಾಕಿ ಸುಟ್ಟ ಶಿಶಿತೊ ಮೆಣಸಿನಕಾಯಿ, ಬಿಸಿ ಅನ್ನ. ಆಮೇಲೆ ತಣ್ಣಗಿನ ತೋಫು, ಹಿಯಾಯಾಕ್ಕೊ. ಇದರ ಮೇಲೆ ಮೀನಿನ ಚೂರು ಉದುರಿಸುತ್ತಾರೆ. "ಕತ್ಸುವೊಬುಶಿ ನುಕಿ ದೆ" ಅಂದರೆ ಬಿಡುತ್ತಾರೆ. ಅಲ್ಲಾಡುವ ಆ ಚೂರುಗಳನ್ನು ಅಮ್ಮ ನೋಡುವ ಮೊದಲೇ ಹೇಳಿ.

ಮನೆಯಲ್ಲೂ ಒಂದು ದಿನ ಮಾಡಿ. ನಮ್ಮ ವಾರ್ಡಿನದೇ ಸೊಪ್ಪು ಇದೆ, ಕೊಮಾತ್ಸುನಾ. 1719ರಲ್ಲಿ ಆಗಿನ ಸೇನಾಧಿಪತಿ-ಆಡಳಿತಗಾರ ಶೋಗುನ್ ಯೊಶಿಮುನೆ ಈ ಕಡೆ ಬೇಟೆಗೆ ಬಂದಾಗ ಊಟಕ್ಕೆ ಈ ಸೊಪ್ಪಿನ ಸಾರು ಬಡಿಸಿದರಂತೆ, ಊರಿನ ಹೆಸರನ್ನೇ ಸೊಪ್ಪಿಗೆ ಇಟ್ಟನಂತೆ. ಎದೊಗಾವಾದಲ್ಲಿ ಈಗಲೂ ಮನೆಗಳ ನಡುವೆ ಹಸಿರುಮನೆ ಕಟ್ಟಿ ಬೆಳೆಯುತ್ತಾರೆ. ಕೊಂಬು ಕಡಲಪಾಚಿಯನ್ನು ರಾತ್ರಿ ತಣ್ಣೀರಿನಲ್ಲಿ ನೆನೆಸಿಡಿ. ಬೆಳಿಗ್ಗೆ ಆ ನೀರಿಗೆ ಕೊಮಾತ್ಸುನಾ, ಕರಿದ ತೋಫು, ಸೋಯಾ ಸಾಸು. ಹತ್ತು ನಿಮಿಷದ ಕೆಲಸ. ಮೀನಿಲ್ಲದ ಅಸಲಿ ಎದೊಗಾವಾ ಅಡುಗೆ. ಸಾಸಿನ ಬಾಟಲಿ ಕೊಳ್ಳುವಾಗ "ದಾಶಿ ಶೋಯು" ಅಂತಿರುವುದನ್ನು ಮಾತ್ರ ಬಿಡಿ.

ಪ್ಯಾಕೆಟ್ ಕೊಳ್ಳುವವರಿಗೆ ನಮ್ಮ ಕೌಂಟರಿನ ಗುಟ್ಟು: ಅಲರ್ಜಿ ಪಟ್ಟಿ ನೋಡಿ ನಂಬಬೇಡಿ. ಕಡ್ಡಾಯವಾಗಿ ಬರೆಯಬೇಕಾದ್ದು ಮೊಟ್ಟೆ, ಹಾಲು, ಗೋಧಿ, ಸೀಗಡಿ, ಏಡಿ, ಹೀಗೆ. ಕತ್ಸುವೊ ಅದರಲ್ಲಿಲ್ಲ. ಮೇಲಿನ ಉದ್ದನೆಯ ಪದಾರ್ಥಗಳ ಸಾಲಿಗೆ ಮೊಬೈಲ್ ಕ್ಯಾಮೆರಾ ಹಿಡಿದು ಅನುವಾದ ಮಾಡಿಸಿ. ಉಪ್ಪಿನ ಉಮೆ ಹಣ್ಣಿಟ್ಟ ಅನ್ನದ ಉಂಡೆ, ಉಮೆ ಓನಿಗಿರಿಯಲ್ಲೂ ಎಷ್ಟೋ ಸಲ ಕತ್ಸುವೊ ಎಕ್ಸ್‌ಟ್ರಾಕ್ಟ್ ಇರುತ್ತದೆ.

ಕುಡ್ಲದ ಬಂಗುಡೆ:

ಅಕ್ಕ ಎಲ್ಲ ಹೇಳಿದರು, ಯಜಮಾನರ ಹೊಟ್ಟೆ ಮರೆತರು. ಅವರಿಗೆ ಮಧ್ಯಾಹ್ನದ ತೆಯ್‌ಶೊಕು (ಸೆಟ್ ಊಟ) ಅಂಗಡಿಯಲ್ಲಿ ಸಾಬಾ ಶಿಯೊಯಾಕಿ ಕೊಡಿಸಿ. ನಮ್ಮ ಬಂಗುಡೆಯ ದೊಡ್ಡಣ್ಣ. ಉಪ್ಪು ಬಿಟ್ಟು ಬೇರೇನೂ ಇಲ್ಲ, ಚರ್ಮ ಗರಿಗರಿ, ಪಕ್ಕದಲ್ಲಿ ತುರಿದ ಮೂಲಂಗಿ, ಅನ್ನ, ಸೂಪು. ಮಸಾಲೆ ಇಲ್ಲದ ಮೀನು ಏನು ತಿನ್ನುವುದು ಅನ್ನುವ ಮಂಗಳೂರಿನವರೂ ಇದಕ್ಕೆ ಸೋಲುತ್ತಾರೆ.

ಇನ್ನೊಂದು. ನಿಶಿಕಸಾಯ್‌ನಿಂದ ತೋಜಾಯ್ ಮೆಟ್ರೋ ಲೈನಿನಲ್ಲಿ ನಾಲ್ಕೇ ಸ್ಟೇಷನ್ ಮುಂದೆ ಮೊಂಜೆನ್‌ನಾಕಾಚೊ. ಅಲ್ಲಿ ಫುಕಾಗಾವಾ ಮೆಶಿ ಸಿಗುತ್ತದೆ. ನಮ್ಮ ಮರುವಾಯಿಯಂಥ ಅಸಾರಿ ಚಿಪ್ಪು, ಈರುಳ್ಳಿ ದಂಟು, ಮಿಸೊ, ಅನ್ನದ ಮೇಲೆ. ಹಿಂದೆ ಇದು ಬೆಸ್ತರ ಊಟ. ಅವರು ತಿನ್ನುವಾಗ ಅಪ್ಪ-ಅಮ್ಮನನ್ನು ಪಕ್ಕದ ಫುಕಾಗಾವಾ ಫುದೊ ದೇವಸ್ಥಾನದಲ್ಲಿ ಕೂರಿಸಿ. ದಿನಕ್ಕೆ ಹಲವು ಸಲ ಹೋಮ ನಡೆಯುತ್ತದೆ, ದೊಡ್ಡ ಡೋಲು ಬಾರಿಸುತ್ತಾ. ಅಗ್ನಿಗೆ ಆಹುತಿ ಹಾಕುವುದನ್ನು ನೋಡಿ ನಮ್ಮ ಅತ್ತೆ ಕೈ ಮುಗಿದು ಏಳಲೇ ಇಲ್ಲ.

ಬೆಲ್ಟಿನ ಮೇಲೆ ತಟ್ಟೆ ತಿರುಗಿ ಬರುವ ಸುಶಿ ಅಂಗಡಿಯೂ ಇದೆ. ಟ್ಯಾಬ್ಲೆಟ್ಟಿನಲ್ಲಿ ಚಿತ್ರ ಒತ್ತಿದರೆ ಸೌತೆಕಾಯಿಯ ಕಪ್ಪಾ ಮಾಕಿ ಬರುತ್ತದೆ, ಮಗನಿಗೆ ಉದೋನ್ ಬರುತ್ತದೆ. ಅಂದಹಾಗೆ ಅದಕ್ಕೆ ಸುತ್ತುವ ಕಡಲಪಾಚಿಯ ನೋರಿ ಹಾಳೆ ಇದೇ ಕಸಾಯ್ ಕಡಲಿನ ಬೆಳೆ, 1960ರ ದಶಕದವರೆಗೂ. ನೀವು ಈಗ ಇರುವ ಸೆಯ್‌ಶಿನ್‌ಚೊ ಆಗ ಸಮುದ್ರ. ಆಮೇಲೆ ಮಣ್ಣು ತುಂಬಿಸಿದರು. ಆದರೆ ಸೆರಗು ಮೂಗಿಗೆ ಹಿಡಿಯುವವರನ್ನು ಸುಶಿ ಅಂಗಡಿಗೆ ಕರೆದೊಯ್ಯುವ ಧೈರ್ಯ ನನಗಂತೂ ಇಲ್ಲ.

ಸಾಗರದವಳು:

ಅಪ್ಪನನ್ನು ಕೇಳಿದೆ ಅಕ್ಕ. ಐದು ನಿಮಿಷ ಸುಮ್ಮನಿದ್ದು, "ಕಾಣದೇ ಇದ್ದರೆ ಕೇಳುವುದಿಲ್ಲ" ಅಂದರು. ಅಮ್ಮ ಹಿಂದಿನಿಂದ, "ನನಗೆ ಹೇಳಬೇಡಿ, ನಾನು ಮೊಸರನ್ನ ಕಟ್ಟಿಕೊಂಡು ಬರುತ್ತೇನೆ." ಹೋಟೆಲಿನಲ್ಲಿ ಡಬ್ಬಿ ಬಿಚ್ಚಿದರೆ ಒಪ್ಪುತ್ತಾರಾ? ಅಮ್ಮ ಒಂದು ಸಲವಾದರೂ ಏನೂ ಕೇಳದೆ, ಹೊಟ್ಟೆ ತುಂಬ ತಿನ್ನುವ ಜಾಗ ಇಲ್ಲವಾ?

ಸೋಜಾಯ್ ಅಕ್ಕ:

ಹೋಟೆಲಿನಲ್ಲಿ ಡಬ್ಬಿ ಬಿಚ್ಚಬೇಡಿ. ಹೊರಗಿನ ತಿಂಡಿ ಒಪ್ಪುವುದಿಲ್ಲ, ಬೈಯುವುದೂ ಇಲ್ಲ. ಬಂದು ಬಗ್ಗಿ ಬಗ್ಗಿ ಕ್ಷಮೆ ಕೇಳುತ್ತಾರೆ, ಆಗ ನಮಗೇ ಮುಜುಗರ. ಮೊಸರನ್ನವನ್ನು ಪಾರ್ಕಿಗೆ ಇಟ್ಟುಕೊಳ್ಳಿ.

ಅಮ್ಮನ ಜಾಗ ಇದೆ. ಒಂದು ದಿನ ಹೀಗೆ ಮಾಡಿ. ನಿಶಿಕಸಾಯ್‌ನಿಂದ ಬಸ್ಸಿನಲ್ಲಿ ಕಸಾಯ್ ರಿಂಕಾಯ್ ಪಾರ್ಕಿಗೆ ಹೋಗಿ. ಹುಲ್ಲಿನ ಮೇಲೆ ಬೇಡ, ಬೆಂಚುಗಳಿವೆ. ಮಧ್ಯಾಹ್ನಕ್ಕೆ ಮೊಸರನ್ನ. ಮಗನಿಗೆ 117 ಮೀಟರಿನ ದೊಡ್ಡ ಜಾಯಿಂಟ್ ವ್ಹೀಲ್ ಇದೆ. ಸಂಜೆ ಅಲ್ಲೇ ಜೆಆರ್ ಕೆಯ್ಯೊ ಲೈನ್ ಹತ್ತಿ, ಕೊನೆಯ ಸ್ಟೇಷನ್ನೇ ಟೋಕಿಯೊ. ರೈಲು ಬದಲಾಯಿಸುವುದೇ ಇಲ್ಲ. ಪ್ಲಾಟ್‌ಫಾರ್ಮಿನಿಂದ ನಡಿಗೆ ಉದ್ದ, ಆದರೆ ಎಸ್ಕಲೇಟರ್, ಚಲಿಸುವ ದಾರಿ ಎಲ್ಲಾ ಇದೆ, ಮಂಡಿಗೆ ಅಷ್ಟು ಕಷ್ಟವಿಲ್ಲ. ಗೇಟು ದಾಟಿ ಹೊರಗೆ ಹೋಗಬೇಡಿ. ಒಳಗೇ ಕೆಯ್ಯೊ ಸ್ಟ್ರೀಟ್ ಅಂತ ಅಂಗಡಿ ಸಾಲಿದೆ, ಅದರಲ್ಲಿ ಟೀಸ್ ತಾನ್‌ತಾನ್. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲದ ರಾಮೆನ್, ಅಂದರೆ ಸಾರಿನಲ್ಲಿ ಬರುವ ನೂಡಲ್ಸ್. ಎಳ್ಳಿನ ತಾನ್‌ತಾನ್‌ಮೆನ್ ತೆಗೆದುಕೊಳ್ಳಿ, ಗಟ್ಟಿಯಾದ ಎಳ್ಳಿನ ಸಾರು, ಮೇಲೆ ಸ್ವಲ್ಪ ಖಾರ. ಊಟದ ಹೊತ್ತಿಗೆ ಕ್ಯೂ ಇರುತ್ತದೆ, ಐದಕ್ಕೇ ಸೇರಿಕೊಳ್ಳಿ. ಅಮ್ಮ ಯಾವುದೇ ಬಟ್ಟಲು ಎತ್ತಿಕೊಳ್ಳಬಹುದು, ಯಾರನ್ನೂ ಏನೂ ಕೇಳಬೇಕಿಲ್ಲ. ಮನೆಗೆ ಓತೆಮಾಚಿವರೆಗೆ ನೆಲದಡಿಯಲ್ಲೇ ನಡೆದು ತೋಜಾಯ್ ಹಿಡಿಯಿರಿ.

ಸಿಹಿಗೆ ಇನ್ನೊಂದು ದಿನ ಕಮೆಯ್‌ದೊ ದೇವಸ್ಥಾನದ ಪಕ್ಕದ ಫುನಾಬಾಶಿಯಾ. 1805ರ ಅಂಗಡಿ. ಅಲ್ಲಿನ ಕುಜುಮೋಚಿಗೆ ಗೋಧಿಯ ಪಿಷ್ಟವನ್ನು 450 ದಿನ ಹುಳಿ ಬರಿಸಿ, ಆವಿಯಲ್ಲಿ ಬೇಯಿಸುತ್ತಾರೆ. ಮೇಲೆ ಹುರಿದ ಸೋಯಾ ಪುಡಿ, ಕಪ್ಪು ಬೆಲ್ಲದ ಪಾಕ. ನಮ್ಮ ಗೋಧಿ ಹಾಲುಬಾಯಿ ತಿಂದವರಿಗೆ ಪರಕೀಯ ಅನಿಸುವುದಿಲ್ಲ. ಎರಡು ದಿನಕ್ಕಿಂತ ಇಡಲು ಬರುವುದಿಲ್ಲ, ಊರಿಗೆ ಕಟ್ಟಿಕೊಂಡು ಹೋಗುವ ಯೋಚನೆ ಬೇಡ.

ಕುಡ್ಲದ ಬಂಗುಡೆ:

ರಿಂಕಾಯ್ ಪಾರ್ಕಿಗೆ ಬುಧವಾರ ಹೋಗಬೇಡಿ, ಅಲ್ಲಿನ ಅಕ್ವೇರಿಯಂ ಅವತ್ತು ರಜೆ. ದೊಡ್ಡ ದೊಡ್ಡ ಟ್ಯೂನಾಗಳು ಟ್ಯಾಂಕಿನಲ್ಲಿ ಸುತ್ತುತ್ತಿರುತ್ತವೆ. ಮೀನಿನ ಹತ್ತಿರ ಅಮ್ಮ ಸೆರಗು ಹಿಡಿಯದೆ ನಿಲ್ಲುವ ಜಾಗ ಅದೊಂದೇ ಇರಬೇಕು.