ಅಪ್‌ಡೇಟ್: ಥಾಯ್ಲೆಂಡಿನ ಇಂಗ್ಲಿಷ್ ಟೀಚರ್ ಕೆಲಸದ ಆಫರ್
ತಿಂಗಳಿಗೆ 35,000 ಬಾತ್ (ಅಲ್ಲಿನ ಹಣ), ಹತ್ತು ತಿಂಗಳ ಕಾಂಟ್ರಾಕ್ಟ್, ಹೋಗಬಹುದೇ ಎಂದು ಕೇಳಿದ್ದೆ. ಸದ್ಯಕ್ಕೆ ಸಹಿ ಹಾಕಿಲ್ಲ.

ಅಲ್ಲಿ ಶಾಲೆ ಮೇ ಮಧ್ಯದಲ್ಲಿ ಶುರುವಾಗಿ ಮಾರ್ಚ್‌ಗೆ ಮುಗಿಯುತ್ತದೆ. ಈ ಕಾಂಟ್ರಾಕ್ಟಿನಲ್ಲಿ ಬೇಸಿಗೆ ರಜೆಗೆ ಸಂಬಳವಿಲ್ಲ. 3,50,000 ಬಾತನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ ಬೀಳುವುದು 29,000 ಚಿಲ್ಲರೆ. ಬಾಡಿಗೆ ಮನೆಗೆ ಸಾಮಾನ್ಯವಾಗಿ ಎರಡು ತಿಂಗಳ ಡಿಪಾಸಿಟ್, ಒಂದು ತಿಂಗಳ ಮುಂಗಡ. 7,000ದ ರೂಮಿಗೂ 21,000 ಮೊದಲೇ ಕೈಯಲ್ಲಿರಬೇಕು, ಸಂಬಳವೋ ತಿಂಗಳ ಕೊನೆಗೆ.

ಇದಕ್ಕಿಂತ ದೊಡ್ಡ ತಕರಾರು ಕೆಲಸ ಕೊಡಿಸುವ ಏಜೆಂಟರ ಮಾತು: ‘ಟೂರಿಸ್ಟಾಗಿ ಬನ್ನಿ, ಪರ್ಮಿಟ್ ಆಮೇಲೆ ನೋಡೋಣ.’ ವರ್ಕ್ ಪರ್ಮಿಟ್ ಇಲ್ಲದೆ ಪಾಠ ಮಾಡಿ ಸಿಕ್ಕಿಬಿದ್ದರೆ ದಂಡ ಕಟ್ಟಿ ಗಡಿಪಾರಾಗುವುದು ಟೀಚರ್, ಏಜೆಂಟ್ ಅಲ್ಲವಲ್ಲ! ಶಾಲೆಯ ಪತ್ರ ಪಡೆದು ಇಲ್ಲಿಂದಲೇ ನಾನ್-ಇಮಿಗ್ರಂಟ್ ಬಿ ವೀಸಾ (ಕೆಲಸಕ್ಕೆ ಹೋಗುವವರ ವೀಸಾ) ಮಾಡಿಸಿ, ಅಲ್ಲಿ ಹೋಗಿ ವರ್ಕ್ ಪರ್ಮಿಟ್ ಪಡೆಯುವುದು ಸರಿಯಾದ ದಾರಿ. ಜೊತೆಗೆ ಅಲ್ಲಿನ ಶಿಕ್ಷಕರ ಮಂಡಳಿಯ ಲೈಸೆನ್ಸ್ ಅಥವಾ ತಾತ್ಕಾಲಿಕ ವಿನಾಯಿತಿ ಬೇಕು. ಭಾರತೀಯರಿಗೆ ಸಾಮಾನ್ಯವಾಗಿ ಟೋಯಿಕ್ ಅಥವಾ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಅಂಕವನ್ನೂ ಕೇಳುತ್ತಾರೆ. ಪೊಲೀಸ್ ಕ್ಲಿಯರೆನ್ಸ್‌ಗೆ (ಕ್ರಿಮಿನಲ್ ಕೇಸಿಲ್ಲವೆಂಬ ಪತ್ರ) ಪಾಸ್‌ಪೋರ್ಟ್ ಸೇವಾದಲ್ಲಿ ಅರ್ಜಿ ಹಾಕಬಹುದು. ಡಿಗ್ರಿ ಅಟೆಸ್ಟೇಶನ್, ಅಂದರೆ ಸರ್ಟಿಫಿಕೇಟ್ ಅಸಲಿ ಎಂಬ ದೃಢೀಕರಣ, ಹಲವು ಕಚೇರಿ ದಾಟಬೇಕು, ಅದನ್ನೇ ಮೊದಲು ಹಿಡಿಯುವುದು ಒಳ್ಳೆಯದು.

ವಾರಕ್ಕೆ ಎಷ್ಟು ಪೀರಿಯಡ್, ವೀಸಾ ಖರ್ಚು ಯಾರದು, ಮಧ್ಯೆ ಬಿಟ್ಟರೆ ಎಷ್ಟು ಕಡಿತ, ಇವನ್ನೆಲ್ಲ ಬರೆದು ಕೊಡಿ ಎಂದು ಶಾಲೆಗೇ ನೇರವಾಗಿ ಮೇಲ್ ಹಾಕಿದ್ದೇನೆ.